ಪರದೆಯಮ್ಮನ ಹಲ್ಲು, ಬುಗುರಿಯ ಬಾಯಿ

ಪರದೆ ಎಂದರೆ ಕಿಟಕಿಗೆ ತೂಗುಹಾಕುವ ಬಟ್ಟೆ ಎಂದು ಪರದೆಯಮ್ಮನ ಎದುರು ಯಾರೂ ಹೇಳುವಂತಿರಲಿಲ್ಲ. ಬಟ್ಟೆ ತೂಗುಹಾಕುವುದು ಒಗೆದವರ ಕೆಲಸ, ಅದಕ್ಕೆ ಹಗ್ಗ ಸಾಕು. ಪರದೆ ಇಳಿಯಬೇಕು. ಮೇಲಿನ ಸರಳಿನಿಂದ ನೆಲದವರೆಗೆ ಒಂದೇ ಉಸಿರಿನಲ್ಲಿ, ಎಲ್ಲೂ ತೊದಲದೆ ಇಳಿಯಬೇಕು. ನೆರಿಗೆಗಳು ಶಿಸ್ತಿನ ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಮುಂದಿನವರ ಬೆನ್ನು ನೋಡುತ್ತ ಸಾಲಾಗಿ ನಿಲ್ಲಬೇಕು. ಗಾಳಿ ಬಂದರೆ ಓಲಾಡಲಿ, ಬೇಡ ಎನ್ನುವವರಾರು, ಹಾರಾಡಕೂಡದು. ಹಾರಾಡುವುದು ಬಾವುಟದ ಕೆಲಸ, ಇಲ್ಲವೇ ಹೊಸದಾಗಿ ಬಡ್ತಿ ಸಿಕ್ಕವರ ಕೆಲಸ.

ಹಾಗೆ ಇಳಿಸುವ ಗುಟ್ಟು ಅಂಚಿನಲ್ಲಿತ್ತು. ಪರದೆಯ ಕೆಳಗಿನ ಮಡಿಕೆಯೊಳಗೆ ಒಂದು ದಾರ, ಆ ದಾರದುದ್ದಕ್ಕೂ ಬಟಾಣಿಗಿಂತ ಚಿಕ್ಕ ಸೀಸದ ಗುಂಡುಗಳು. ಪ್ರತಿ ಗುಂಡಿಗೂ ಒಂದು ಸೀಳು. ಸೀಳಿನಲ್ಲಿ ದಾರ ಕೂರಿಸಿ ಒತ್ತಿ ಮುಚ್ಚಬೇಕು. ಉಳಿದ ಹೊಲಿಗೆಯವರು ಇದಕ್ಕೆ ಇಕ್ಕಳ ಬಳಸುತ್ತಿದ್ದರು. ಪರದೆಯಮ್ಮ ಹಲ್ಲು ಬಳಸುತ್ತಿದ್ದಳು. ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಕೋರೆಹಲ್ಲಿನ ಪಕ್ಕಕ್ಕೆ ಗುಂಡು ಕೊಟ್ಟು ಕಟಕ್ ಎನಿಸಿದರೆ ಮುಗಿಯಿತು. ಇಕ್ಕಳಕ್ಕೆ ಬರೀ ಶಕ್ತಿ ಗೊತ್ತು, ಹಲ್ಲಿಗೆ ನಯವೂ ಗೊತ್ತು ಎಂದು ಅವಳಿಗೆ ಕೆಲಸ ಕಲಿಸಿದ ಸೋದರತ್ತೆ ಹೇಳಿದ್ದಳು. ಆ ಸೋದರತ್ತೆಯೂ ಹಲ್ಲಿನವಳೇ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬ ಗಾದೆ ಆ ಮನೆತನಕ್ಕೆ ಸಲ್ಲದು. ಅಲ್ಲಿ ಹಲ್ಲೂ ಇತ್ತು, ಕಡಲೆಯಷ್ಟು ಗುಂಡುಗಳೂ ಇದ್ದವು.

ಅವಳ ಗಂಡ ಒಂದು ದೊಡ್ಡ ಕಚೇರಿಯಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು. ಜೀವನದ ಏರಿಳಿತಗಳ ಬಗ್ಗೆ ಮಾತಾಡಲು ತನಗಿಂತ ಅರ್ಹರು ಯಾರೂ ಇಲ್ಲ ಎಂದು ಅವನ ನಂಬಿಕೆ. ಮನೆಗೆ ಬಂದ ಗಿರಾಕಿಗಳ ಮುಂದೆ ಅವನು ತಪ್ಪದೆ ಹೇಳುತ್ತಿದ್ದ ಮಾತು ಒಂದೇ: ಈ ಮನೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಗುಂಡು ಹಾಕುವುದು ನಾನಲ್ಲ, ಇವಳು. ಗಿರಾಕಿಗಳು ನಗುತ್ತಿದ್ದರು. ಪರದೆಯಮ್ಮ ನಗುತ್ತಿರಲಿಲ್ಲ, ಬಾಯಲ್ಲಿ ಗುಂಡು ಇರುತ್ತಿತ್ತು.

ಕೆಲಸದ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಒಂದು ಅಗಲವಾದ ಮೇಜು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಬಣ್ಣ ಬಣ್ಣದ ಬಟ್ಟೆಯ ಸುರುಳಿಗಳು ಗೋಡೆಗೊರಗಿ ನೆಂಟರ ಹಾಗೆ ನಿಂತಿರುತ್ತಿದ್ದವು. ಮೇಜಿನ ಕೆಳಗೆ ಕತ್ತರಿಸಿ ಬಿದ್ದ ಚೂರುಗಳ, ಹಳೆಯ ಪರದೆಗಳಿಂದ ಕಳಚಿದ ಅಂಚುಗಳ ಒಂದು ಗುಡ್ಡೆ. ಆ ಗುಡ್ಡೆಯೇ ಬುಗುರಿಯ ಅರಮನೆ.

ಬುಗುರಿ ಎಂದರೆ ಮೊಮ್ಮಗಳು. ಕಾಲು ನೆಲಕ್ಕೆ ತಾಗಿದ ದಿನದಿಂದ ತಿರುಗುತ್ತಲೇ ಇದ್ದುದರಿಂದ ತಾತ ಇಟ್ಟ ಹೆಸರು. ಮಗ ಬೇಕರಿಯಲ್ಲಿ ಒಲೆಯ ಮುಂದೆ, ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜಿನ ಹಿಂದೆ; ಅವರ ಮನೆ ಎರಡು ಬೀದಿ ಆಚೆ. ಹೀಗಾಗಿ ಬುಗುರಿಯ ಹಗಲೆಲ್ಲ ಅಜ್ಜಿಯ ಮೇಜಿನ ಕೆಳಗೆ. ಪರದೆಯಮ್ಮನಿಗೆ ಯಂತ್ರ ತುಳಿಯುವಾಗ ಪಾದದ ಪಕ್ಕ ಒಂದು ಬೆಚ್ಚಗಿನ ಬೆನ್ನು ಒರಗಿರಬೇಕಿತ್ತು. ಇಲ್ಲದ ದಿನ ಹೊಲಿಗೆ ಸೊಟ್ಟವಾಗುತ್ತಿತ್ತು ಎಂದು ಅವಳೇ ಹೇಳುತ್ತಿದ್ದಳು.

ಬುಗುರಿಗೆ ಮೂರು ತುಂಬುವ ಹೊತ್ತಿಗೆ ಮನೆಯವರಲ್ಲಿ ಸಣ್ಣಗೆ ಗುಸುಗುಸು ಶುರುವಾಯಿತು. ಮಗು ಮಾತಾಡುತ್ತಿಲ್ಲ. ಬೇಕು, ಬೇಡ, ತಾ, ಇಷ್ಟರಲ್ಲೇ ಅವಳ ಸಂಸಾರ ಸಾಗುತ್ತಿತ್ತು. ಒಂದು ಆಟದ ಸಾಮಾನಿನ ಮೇಲೆ ಚಿತ್ತ ನಿಲ್ಲದು. ಊಟ ಎಂದರೆ ಮುಖ ತಿರುವುವುದು, ಹೊಟ್ಟೆ ಹಿಡಿದು ಅಳುವುದು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಗಾಳಿಯಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದರೆ, ಅಜ್ಜಿಗೆ ಹೆಗ್ಗಣದ ಬಾಲವೂ ಮುದ್ದು. ಮಾತಾಡದಿದ್ದರೇನು, ಮೇಜಿನ ಕೆಳಗೆ ಕೂತರೆ ಮಗು ತಪಸ್ವಿ ಎಂದು ಪರದೆಯಮ್ಮ ವಾದಿಸುತ್ತಿದ್ದಳು. ಅದು ನಿಜವೂ ಆಗಿತ್ತು. ಬೇರೆಲ್ಲೂ ನಿಲ್ಲದ ಬುಗುರಿ ಅಲ್ಲಿ ಮಾತ್ರ ಗಂಟೆಗಟ್ಟಲೆ ಸದ್ದಿಲ್ಲದೆ ಇರುತ್ತಿದ್ದಳು. ಏನು ಮಾಡುತ್ತಿದ್ದಾಳೆ ಎಂದು ಬಗ್ಗಿ ನೋಡುವ ಪುರುಸೊತ್ತು ಯಾರಿಗಿತ್ತು? ಮಗು ಸುಮ್ಮನಿದ್ದರೆ ದೊಡ್ಡವರೂ ಸುಮ್ಮನಿರುವುದು ಲೋಕರೂಢಿ.

ಸೊಸೆ ಮಾತ್ರ ಸುಮ್ಮನಿರಲಿಲ್ಲ. ದಿನವಿಡೀ ಇತರರ ಕಣ್ಣು ಪರೀಕ್ಷಿಸುವವಳಿಗೆ ಮಗಳ ಕಣ್ಣಿನ ಕೆಳಗಿನ ಬಿಳಿಚು ಕಾಣದೇ ಇದ್ದೀತೇ? ಮಕ್ಕಳ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರಮ್ಮ ಬುಗುರಿಯನ್ನು ಆಡಲು ಬಿಟ್ಟು ನೋಡಿದರು, ಕಿವಿ ನೋಡಿದರು, ರಕ್ತ ತೆಗೆಸಿದರು. ಕೆಲವು ದಿನ ಕಳೆದು ಮನೆಮಂದಿಯನ್ನೆಲ್ಲ ಕೂರಿಸಿ, ಮಗುವಿನ ರಕ್ತದಲ್ಲಿ ಸೀಸ ಇದೆ ಎಂದರು.

ಮಗ ಗಾಬರಿಯಾಗಿ ಆ ಕ್ಷಣವೇ ಜೇಬಿನಲ್ಲಿದ್ದ ಪೆನ್ಸಿಲನ್ನು ತೆಗೆದು ಕಸದ ಬುಟ್ಟಿಗೆ ಹಾಕಿದ. ಸೀಸದ ಕಡ್ಡಿ ಎಂದು ಕರೆದರೂ ಅದರಲ್ಲಿ ಸೀಸ ಇರುವುದಿಲ್ಲ ಎಂದು ಡಾಕ್ಟರಮ್ಮ ಅದನ್ನು ಎತ್ತಿ ಅವನ ಕೈಗೇ ಕೊಟ್ಟರು. ಆಮೇಲೆ ನಿಧಾನವಾಗಿ ತಿಳಿಸಿದರು.

"ಈ ವಯಸ್ಸಲ್ಲಿ ಮಗುವಿನ ತಲೆ ಅಂದ್ರೆ ಕಟ್ಟಡದ ಕೆಲಸ ನಡೀತಿರೋ ಮನೆ. ಒಳಗಡೆ ತಂತಿ ಎಳೀತಾ ಇರ್ತಾರೆ. ಸೀಸ ಕ್ಯಾಲ್ಸಿಯಂ ವೇಷ ಹಾಕ್ಕೊಂಡು ಕೆಲಸದವರ ಸಾಲಲ್ಲಿ ಒಳಗೆ ನುಗ್ಗುತ್ತೆ. ನುಗ್ಗಿ ಕೆಲಸ ಕೆಡಿಸುತ್ತೆ. ಮಾತು ತಡ ಆಗೋದು, ಗಮನ ನಿಲ್ಲದೇ ಇರೋದು, ಸಿಟ್ಟು, ಇದೆಲ್ಲ ಅದರಿಂದ ಆಗಬಹುದು. ಹಟ ಅಲ್ಲ ಇದು."

ತಾತನಿಗೆ ಇದು ತಕ್ಷಣ ಅರ್ಥವಾಯಿತು. ಲಿಫ್ಟಿನ ತಂತಿ ತಪ್ಪಾಗಿ ಕೂಡಿಸಿದರೆ ಮೂರನೆಯ ಗುಂಡಿ ಒತ್ತಿದಾಗ ಏಳನೆಯ ಮಹಡಿಗೆ ಹೋಗುತ್ತದೆ, ಬೈಸಿಕೊಳ್ಳುವುದು ಮಾತ್ರ ಒಳಗೆ ಕೂತವನು ಎಂದ. ಡಾಕ್ಟರಮ್ಮ, ಅದೇ, ಅದೇ ಎಂದರು. ಆದ ನಷ್ಟ ಎಷ್ಟೆಂದು ತಮಗೂ ಹೇಳಲಾಗದು, ಅದನ್ನು ಅಳಿಸಿಹಾಕುವ ಔಷಧ ತಮ್ಮಲ್ಲಿಲ್ಲ, ಆದರೆ ಕಟ್ಟಡದ ಕೆಲಸ ಇನ್ನೂ ನಡೆಯುತ್ತಿದೆ, ಸೀಸ ಬರುವ ದಾರಿ ಮೊದಲು ಮುಚ್ಚಿ ಎಂದರು. ದಾರಿ ಯಾವುದು ಎಂದರೆ, ನೀವು ನಿಂತುಕೊಂಡು ಹುಡುಕಿದರೆ ಸಿಗುವುದಿಲ್ಲ, ಮಗುವಿನ ಎತ್ತರಕ್ಕೆ ಇಳಿದು ನೋಡಿ ಎಂದು ಕಳಿಸಿದರು.

ಹೊರಗೆ ಬಂದ ಮೇಲೆ ಸೊಸೆ ಮೆಲ್ಲಗೆ ಒಂದು ಮಾತು ಹೇಳಿದಳು. "ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋವರೆಗೂ ಬುಗುರೀನ ನಿಮ್ಮನೇಲಿ ಬಿಡೋಕೆ ನನಗೆ ಧೈರ್ಯ ಇಲ್ಲ ಅತ್ತೆ. ನಮ್ಮನೇಲಿ ಇಟ್ಟುಕೊಳ್ಳೋಕೂ ಇಲ್ಲ. ರಜೆ ಹಾಕಿ ನನ್ನ ತವರಿಗೆ ಕರ್ಕೊಂಡು ಹೋಗ್ತೀನಿ."

ಸರಿ ಎಂದು ಪರದೆಯಮ್ಮ ತಲೆಯಾಡಿಸಿದಳು. ಪಾದದ ಪಕ್ಕ ಆಗಲೇ ತಣ್ಣಗಾದಂತಾಯಿತು.

ಮರುದಿನ ಮಗನ ಮನೆಯ ಶೋಧ ನಡೆಯಿತು, ಏನೂ ಸಿಗಲಿಲ್ಲ. ಅದರ ಮರುದಿನ ಎಲ್ಲರೂ ಪರದೆಯಮ್ಮನ ಮನೆಗೆ ಬಂದರು. ತವರಿಗೆ ಹೊರಡುವ ಚೀಲ ಬಾಗಿಲ ಬಳಿ ತಯಾರಾಗಿ ಕೂತಿತ್ತು. ಡಾಕ್ಟರಮ್ಮನ ಆಜ್ಞೆಯಂತೆ ನಾಲ್ಕು ಜನ ದೊಡ್ಡವರು ಮಂಡಿಯೂರಿ ಅಂಬೆಗಾಲಿಡತೊಡಗಿದರು. ಮಗ ಕಿಟಕಿಯ ಬುಡದ ಬಣ್ಣವನ್ನು ಮೂಸಿದ. ಸೊಸೆ ಕುರ್ಚಿಯ ಕಾಲುಗಳಿಗೆ ಭೂತಗನ್ನಡಿ ಹಿಡಿದಳು. ತಾತ ಸೋಫಾದ ಕೆಳಗೆ ತಲೆ ತೂರಿಸಿ, ಹಿಂದೆ ಬರಲಾಗದೆ, ನೆಲಮಾಳಿಗೆಗೆ ಬಂದೆ, ಯಾರಾದರೂ ಮೇಲಿನ ಗುಂಡಿ ಒತ್ತಿ ಎಂದು ಕೂಗಿದ. ಮಗ ಅವನ ಎರಡೂ ಕಾಲು ಹಿಡಿದು ಎಳೆದ. ತಾತನ ಜೊತೆ ಹಿಂದಿನ ವರ್ಷ ಕಳೆದುಹೋಗಿದ್ದ ಒಂದು ಚಪ್ಪಲಿಯೂ ಹೊರಬಂತು.

ಇದನ್ನೆಲ್ಲ ನೋಡಿ ಬುಗುರಿಗೆ ಸ್ವರ್ಗ ಕೆಳಗಿಳಿದಷ್ಟು ಸಂತೋಷ. ಇಷ್ಟು ದಿನ ಬರೀ ಮೊಣಕಾಲುಗಳಾಗಿದ್ದ ಜನರಿಗೆಲ್ಲ ಈಗ ಮುಖಗಳಿದ್ದವು. ತಾತನ ಬೆನ್ನೇರಿದಳು, ಅಪ್ಪನ ಮೂಗು ಹಿಡಿದಳು, ಕೇಕೆ ಹಾಕಿ ನಕ್ಕಳು. ನಗು ಅಂಟುರೋಗ; ಹುಡುಕಲು ಬಂದವರೂ ಹುಡುಕುವುದನ್ನು ಮರೆತು ನೆಲದ ಮೇಲೆ ಉರುಳಿ ನಕ್ಕರು. ಕೊನೆಗೆ ಬುಗುರಿ ಅಜ್ಜಿಯ ಕಿರುಬೆರಳು ಹಿಡಿದು, ಬಾ ಎಂದು ಎಳೆಯುತ್ತ ಕೆಲಸದ ಕೋಣೆಗೆ ಕರೆದೊಯ್ದಳು. ಮೇಜಿನ ಕೆಳಗೆ. ಅಜ್ಜಿಯೂ ಅಂಬೆಗಾಲಲ್ಲೇ ಹೋದಳು, ಹಿಂದೆ ಉಳಿದವರು ಮೆರವಣಿಗೆಯಂತೆ.

ಅರಮನೆಯೊಳಗೆ ಅತಿಥಿಗಳನ್ನು ಕೂರಿಸಿದ ಬುಗುರಿ ಚೂರುಗಳ ಗುಡ್ಡೆಯಿಂದ ಹಳೆಯ ಪರದೆಯ ಒಂದು ಅಂಚನ್ನು ಎಳೆದಳು. ಪುಟ್ಟ ಬೆರಳುಗಳಲ್ಲಿ ತಡವಿ, ಬಟ್ಟೆ ಸವೆದು ಇಣುಕುತ್ತಿದ್ದ ಗುಂಡನ್ನು ಹುಡುಕಿದಳು. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಕೋರೆಹಲ್ಲಿನ ಪಕ್ಕಕ್ಕೆ ಅದನ್ನು ಕೊಟ್ಟು ಕಚ್ಚಿದಳು. ಕಚ್ಚಿ, ಅಜ್ಜಿಯ ಮುಖ ನೋಡಿದಳು, ಸರಿಯಾಯಿತೇ ಎನ್ನುವ ಹಾಗೆ.

ಮೊದಲು ಎಲ್ಲರೂ ನಕ್ಕರು. ಅಷ್ಟು ಹೂಬೇಹೂಬಾಗಿತ್ತು. ಅಮ್ಮನದೇ ಪಡಿಯಚ್ಚು ಎಂದು ಮಗ ಚಪ್ಪಾಳೆ ತಟ್ಟಿದ. ನಗು ನಿಂತದ್ದು ಪರದೆಯಮ್ಮನದು ಮೊದಲು. ಅವಳು ಕೈಚಾಚಿ ಮೊಮ್ಮಗಳ ಬಾಯಿಂದ ಅಂಚನ್ನು ಬಿಡಿಸಿಕೊಂಡಳು. ಗುಡ್ಡೆಯಿಂದ ಇನ್ನೊಂದು ಚೂರು ಎತ್ತಿದಳು, ಮತ್ತೊಂದು ಎತ್ತಿದಳು. ಎಲ್ಲದರ ಅಂಚಿನಲ್ಲೂ ಪುಟ್ಟ ಹಲ್ಲಿನ ಗುರುತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇಲ್ಲಿ ಕೂಸೇ ಕೈಹಿಡಿದು ಕರೆದು ತೋರಿಸಿತ್ತು.

"ಇದು ಸೀಸ," ಎಂದಳು ಪರದೆಯಮ್ಮ. "ಕಲಿಸಿದ್ದು ನಾನೇ."

ಡಾಕ್ಟರಮ್ಮ ಸೀಸ ಎಂದಾಗಲೂ, ಗುಂಡಿನ ಡಬ್ಬಿಗಳು ಮಗುವಿನ ಕೈಗೆಟುಕವು, ಅಂಚಿನೊಳಗೆ ಭದ್ರವಾಗಿರುವ ಗುಂಡು ಯಾರಿಗೇನು ಮಾಡೀತು ಎಂದು ಅವಳು ನಂಬಿದ್ದಳು. ಪರದೆಯನ್ನು ಯಾರು ತಿನ್ನುತ್ತಾರೆ? ಮಗುವೂ ತಿನ್ನಲಿಲ್ಲ. ಮಗು ಕೆಲಸ ಕಲಿಯುತ್ತಿತ್ತು. ಬೇರೆಲ್ಲೂ ನಿಲ್ಲದ ಗಮನವನ್ನೆಲ್ಲ ಒಟ್ಟುಗೂಡಿಸಿ, ಅಜ್ಜಿಯ ಹಾಗೇ ಆಗಬೇಕೆಂದು, ಮೇಜಿನ ಕೆಳಗೆ ತನ್ನ ಪಾಲಿನ ಪರದೆ ಹೊಲಿಯುತ್ತಿತ್ತು.

ಸೊಸೆಯ ಮುಖ ಬಿಗಿಯಿತು. ಏನೋ ಹೇಳಲು ಬಾಯಿ ತೆರೆದಳು. ಆಗ ಬುಗುರಿ ಗುಡ್ಡೆಯಿಂದ ಇನ್ನೊಂದು ಅಂಚು ತೆಗೆದು ಅಮ್ಮನ ಕೈಗಿಟ್ಟಳು, ನಿನ್ನ ಸರದಿ ಎಂಬಂತೆ. ಸೊಸೆ ಅದನ್ನು ಮುಷ್ಟಿಯಲ್ಲಿ ಮಡಚಿಕೊಂಡಳು.

"ಅವಳು ನಿಮ್ಮನ್ನ ನೋಡಿ ಕಲೀತಾಳೆ ಅತ್ತೆ," ಎಂದಳು. "ಈಗ ಬೇರೆ ಏನಾದ್ರೂ ಕಲಿಸಿ. ಅಲ್ಲಿವರೆಗೂ ನಾನು ಕರ್ಕೊಂಡು ಬರಲ್ಲ."

ಕಲಿಸಬೇಕಾದರೆ ಮೊದಲು ತಾನು ಕಲಿಯಬೇಕಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಪರದೆಯಮ್ಮ ಮಂಡಿಯೂರಿ ಬಗ್ಗಿದಳು. ಗುಂಡಿನ ಡಬ್ಬಿಗಳು ಅಪಾಯದ ಕಸ ತೆಗೆದುಕೊಳ್ಳುವ ಕಡೆಗೆ ಹೋದವು. ಒಣ ಪೊರಕೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಕೂರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಗೋಡೆ, ಮೇಜು, ನೆಲ, ಯಂತ್ರದ ಹೊಟ್ಟೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸಿದ ಬಟ್ಟೆ ಎಸೆದು, ಮತ್ತೆ ಒರೆಸಿದರು. ಬುಗುರಿಯ ಹೊಟ್ಟೆಯ ಎಕ್ಸ್-ರೇ ಚಿತ್ರ ತೆಗೆಸಿದಾಗ ನುಂಗಿದ ಗುಂಡು ಒಂದೂ ಕಾಣಲಿಲ್ಲ. ಅವತ್ತು ತಾತ ಎದುರಿಗೆ ಸಿಕ್ಕವರಿಗೆಲ್ಲ ಆ ಚಿತ್ರವನ್ನು ಮದುವೆಯ ಫೋಟೊದಂತೆ ತೋರಿಸಿದ. ಪರದೆಯಮ್ಮನ ರಕ್ತದಲ್ಲೂ ಸೀಸ ಸಿಕ್ಕಿತು. ಹಲ್ಲನ್ನು ಊಟಕ್ಕೆ ಮಾತ್ರ ಬಳಸಿ ಎಂದು ಡಾಕ್ಟರಮ್ಮ ಗದರಿದರು.

ಕಷ್ಟ ಇದ್ದದ್ದು ಅಂಚಿನಲ್ಲಿ. ಗುಂಡಿಲ್ಲದ ಪರದೆಗಳು ಅವಳ ಕಣ್ಣೆದುರೇ ಹಾರಾಡಿದವು. ಪರದೆಯ ಆಟ ಹೋಗಿ ಪರದಾಟ ಶುರುವಾಯಿತು. ಮೊದಲು ನುಣುಪು ಕಲ್ಲುಗಳನ್ನು ಹೊಲಿದಳು. ಗಾಳಿ ಬಂದಾಗಲೆಲ್ಲ ಅವು ಗೋಡೆಗೆ ಬಡಿದು, ಯಾರೋ ಬಾಗಿಲು ತಟ್ಟಿದರೆಂದು ಗಿರಾಕಿ ಪದೇ ಪದೇ ಎದ್ದು ಹೋಗಿ ಸುಸ್ತಾದ. ಆಮೇಲೆ ಒಣಗಿದ ಕಾಳು ತುಂಬಿದಳು, ಇಳಿತ ಅದ್ಭುತವಾಗಿತ್ತು. ಆದರೆ ಗಿರಾಕಿ ಪರದೆಯನ್ನು ಒಗೆದು ನೆರಳಲ್ಲಿ ಒಣಗಿಹಾಕಿದ ಮೇಲೆ ಅಂಚಿನುದ್ದಕ್ಕೂ ಮೊಳಕೆಯೊಡೆದು, ಹೊಲಿಗೆಯ ಸಂದಿಯಿಂದ ಹಸಿರು ಎಲೆಗಳು ಇಣುಕಿದವು. ಹೂವಿನ ಪರದೆ ಕೇಳಿದ್ದೆ, ತೋಟ ಕೇಳಿರಲಿಲ್ಲ ಎಂದು ಗಿರಾಕಿ ವಾಪಸು ತಂದುಕೊಟ್ಟ. ತಾತ ಅದಕ್ಕೆ ದಿನಾ ನೀರು ಹಾಕುತ್ತಿದ್ದ.

ಪರಿಹಾರ ತಂದವಳು ಸೊಸೆ. ರಜೆ ಮುಗಿದು ಮಗಳೊಂದಿಗೆ ತವರಿನಿಂದ ಮರಳಿದ್ದ ಅವಳು ಒಂದು ಸಂಜೆ ಅಂಗಡಿಯಿಂದ ನೇರವಾಗಿ ಬಂದು ಮೇಜಿನ ಮೇಲೆ ಒಂದು ಸರ ಇಟ್ಟಳು. ಕನ್ನಡಕವನ್ನು ಕೊರಳಿಗೆ ತೂಗುಹಾಕಿಕೊಳ್ಳುವ, ಸಣ್ಣ ಮಣಿಗಳ ಸ್ಟೀಲ್ ಸರ. ಕಚ್ಚುವ ಕೆಲಸವೇ ಇಲ್ಲ, ಮಡಿಕೆಯೊಳಗೆ ಸರಾಗವಾಗಿ ಹರಿಯುತ್ತಿತ್ತು. ಪರದೆಯಮ್ಮ ಒಂದು ಉದ್ದ ಪರದೆಗೆ ಅದನ್ನು ಹಾಕಿ ಸರಳಿಗೆ ಏರಿಸಿ ಕೈಬಿಟ್ಟಳು. ಪರದೆ ಇಳಿಯಿತು. ಒಂದೇ ಉಸಿರಿನಲ್ಲಿ. ಅತ್ತೆ ಸೊಸೆ ಇಬ್ಬರೂ ಅದನ್ನೇ ನೋಡುತ್ತ ನಿಂತರು. ನಾಳೆ ಬೆಳಗ್ಗೆ ಬುಗುರಿಯನ್ನು ಬಿಟ್ಟುಹೋಗುತ್ತೇನೆ ಎಂದು ಸೊಸೆ ಪರದೆಗೆ ಹೇಳುವಂತೆ ಹೇಳಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ತಾನು ಇಳಿಸಿದ ಪರದೆಗಳು ಎಷ್ಟು ಮನೆಗಳಲ್ಲಿವೆ, ಎಷ್ಟು ತೊಟ್ಟಿಲುಗಳ ಪಕ್ಕದಲ್ಲಿವೆ ಎಂಬ ಯೋಚನೆ ಪರದೆಯಮ್ಮನನ್ನು ಬಿಡಲಿಲ್ಲ. ಕತ್ತರಿ, ಸರದ ಸುರುಳಿ ಹಿಡಿದು ಮಕ್ಕಳಿದ್ದ ಮನೆಗಳ ಬಾಗಿಲು ತಟ್ಟಿದಳು. ಹೆಚ್ಚಿನವರು ಒಳಗೆ ಕರೆದು ಸ್ಟೂಲು ಕೊಟ್ಟರು. ಒಬ್ಬ ದೊಡ್ಡಮನೆಯಾಕೆ ಮಾತ್ರ, ನಮ್ಮ ಮಕ್ಕಳು ಪರದೆ ತಿನ್ನುವಷ್ಟು ಉಪವಾಸ ಇಲ್ಲ ಎಂದು ಬಾಗಿಲಲ್ಲೇ ಅಡ್ಡ ನಿಂತಳು.

"ನನ್ನ ಮೊಮ್ಮಗಳೂ ಉಪವಾಸ ಇರಲಿಲ್ಲ ತಾಯಿ," ಎಂದಳು ಪರದೆಯಮ್ಮ. ಆಕೆ ಪಕ್ಕಕ್ಕೆ ಸರಿದಳು. ಮಕ್ಕಳ ಡಾಕ್ಟರಮ್ಮನ ಕಾಯುವ ಕೋಣೆಯ ಪರದೆಯೂ ಅವಳದೇ ಕೈಕೆಲಸ ಎಂದು ಗೊತ್ತಾದ ದಿನ ಡಾಕ್ಟರಮ್ಮ ಹಣೆ ಚಚ್ಚಿಕೊಂಡು ನಕ್ಕು, ತಾವೇ ಏಣಿ ಹಿಡಿದು ನಿಂತರು.

ಇತ್ತ ಬುಗುರಿಗೆ ಬರೆದುಕೊಟ್ಟ ಚಿಕಿತ್ಸೆ ಸರಳವಾಗಿತ್ತು: ಕಬ್ಬಿಣದ ಔಷಧ, ಹೊಟ್ಟೆ ತುಂಬ ಊಟ, ನಿದ್ದೆ, ಮತ್ತು ಮಾತು. ಮಗುವಿನ ಹತ್ತಿರ ಮಾತಾಡುತ್ತಲೇ ಇರಿ ಎಂದಿದ್ದರು. ಉಳಿದ ಔಷಧಗಳನ್ನು ಅಂಗಡಿಯಿಂದ ತರಬೇಕಾಯಿತು. ಈ ಒಂದು ಔಷಧ ಮಾತ್ರ ಆ ಮನೆಯಲ್ಲಿ ಮೂಟೆಗಟ್ಟಲೆ ದಾಸ್ತಾನಿತ್ತು. ಬಾಯಲ್ಲಿ ಗುಂಡಿಲ್ಲದ ಪರದೆಯಮ್ಮ ಎಷ್ಟು ಮಾತಾಡಬಲ್ಲಳು ಎಂಬುದು ಗಂಡನಿಗೇ ಆಗ ಗೊತ್ತಾಯಿತು. ಮೇಜಿನ ಕೆಳಗೆ ಈಗ ಮರದ ರೀಲುಗಳು, ದೊಡ್ಡ ಬಟ್ಟೆಯ ಗೊಂಬೆಗಳು. ಇದು ನೀಲಿ, ಇದು ಕಡುನೀಲಿ, ಇದು ಕೊಂಡವರ ಕಣ್ಣಿಗೆ ಮಾತ್ರ ನೀಲಿ ಎಂದು ಅವಳು ಹೊಲಿಯುತ್ತ ಹೇಳುತ್ತಿದ್ದಳು. ತಾತ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿ ಮಹಡಿಗಳ ಲೆಕ್ಕ ಕೂಗುತ್ತ ಎತ್ತಿ ಇಳಿಸುತ್ತಿದ್ದ. ಬುಗುರಿ ಕೇಳುತ್ತಿದ್ದಳು. ಮಾತಾಡುತ್ತಿರಲಿಲ್ಲ.

ರಕ್ತದಲ್ಲಿನ ಸೀಸ ಇಳಿಯುತ್ತಿದೆ ಎಂದು ಪ್ರತಿ ಪರೀಕ್ಷೆಯೂ ಹೇಳಿತು. ಹೊಟ್ಟೆನೋವು ಹೋಯಿತು, ಹಸಿವು ಬಂತು. ಮಾತು ಮಾತ್ರ ಇನ್ನೂ ದಾರಿಯಲ್ಲಿತ್ತು. ಬೇಕು, ಬೇಡ, ತಾ. ಪರದೆಯಮ್ಮ ಮೇಲೆ ನಗುತ್ತಿದ್ದಳು. ಯಂತ್ರ ತುಳಿಯುವಾಗ ಮಾತ್ರ ಪಾದದ ಪಕ್ಕದ ಬೆಚ್ಚಗಿನ ಬೆನ್ನಿಗೆ, ಆ ತಂತಿ ಎಳೆಯುವವರು ಯಾರಿದ್ದೀರೋ, ನಿಧಾನವಾಗಿಯೇ ಎಳೆಯಿರಿ, ಆದರೆ ನಿಲ್ಲಿಸಬೇಡಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಕಿಟಕಿಯಿಂದ ಒಳ್ಳೆಯ ಬಿಸಿಲು ಬಿದ್ದಿತ್ತು. ತಾತ ಮೊಳಕೆಯ ಪರದೆಗೆ ನೀರು ಹಾಕುತ್ತಿದ್ದ. ಪರದೆಯಮ್ಮ ಒಂದು ಅವಸರದ ಕೆಲಸದಲ್ಲಿದ್ದಳು. ಕತ್ತರಿ ಎಲ್ಲೋ ಬಟ್ಟೆಯಡಿ ಹುದುಗಿತ್ತು. ಹೊಲಿಗೆ ಮುಗಿದ ದಾರವನ್ನು ಎತ್ತಿ, ತಲೆ ಎಡಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ, ಹಳೆಯ ಅಭ್ಯಾಸದಂತೆ ಹಲ್ಲಿಗೆ ಕೊಟ್ಟಳು.

ಮೇಜಿನ ಕೆಳಗಿಂದ ಒಂದು ತಲೆ ಹೊರಬಂತು. ಹಿಂದೆಯೇ ಒಂದು ಕೈ. ಅದರ ಬೆರಳು ಕತ್ತರಿ ಇದ್ದ ಜಾಗಕ್ಕೆ ಚಾಚಿತ್ತು.

"ಅಜ್ಜೀ, ಬಾಯಿಗೆ ಹಾಕಬಾರದು. ಕತ್ತರಿ ಅಲ್ಲಿದೆ, ತಗೋ."

ತಾತನ ಕೈಯ ನೀರಿನ ಚೆಂಬು ವಾಲಿ ನೀರೆಲ್ಲ ಅವನ ಪಾದದ ಮೇಲೆ ಸುರಿಯಿತು, ಅವನು ಕದಲಲಿಲ್ಲ. ಪರದೆಯಮ್ಮ ದಾರವನ್ನು ಬಾಯಿಂದ ತೆಗೆದಳು. ಬೆರಳು ತೋರಿಸಿದ ಕಡೆ ಬಟ್ಟೆ ಸರಿಸಿದಳು. ಕತ್ತರಿ ಅಲ್ಲೇ ಇತ್ತು.

"ಸರಿ ಮೇಡಂ," ಎಂದು ದಾರ ಕತ್ತರಿಸಿದಳು. ಕೆಲಸದಿಂದ ತೃಪ್ತನಾದ ಮೇಸ್ತ್ರಿಯ ಹಾಗೆ ಬುಗುರಿ ಮತ್ತೆ ಮೇಜಿನ ಕೆಳಗೆ ಹೋದಳು.

ಶಾಲೆಗೆ ಹೋದ ಮೇಲೆ ಗಮನ ನಿಲ್ಲಿಸಲು ಅವಳಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಕಷ್ಟವಾಗಬಹುದು, ನೋಡುತ್ತ ಇರೋಣ ಎಂದು ಡಾಕ್ಟರಮ್ಮ ಎಚ್ಚರಿಸಿದ್ದಾರೆ. ನೋಡುತ್ತಲೇ ಇದ್ದಾರೆ. ಸದ್ಯಕ್ಕೆ ಮಾತಿನ ಅಣೆಕಟ್ಟು ಒಡೆದಿದೆ. ಬೆಳಗ್ಗೆ ಶುರುವಾದರೆ ತಾತ ಕಿವಿಗೆ ಹತ್ತಿ ಇಟ್ಟುಕೊಂಡು, ಲಿಫ್ಟ್ ಕೆಟ್ಟಿದೆ, ಮೇಲೆ ಹೋಗುತ್ತಲೇ ಇದೆ ಎನ್ನುತ್ತಾನೆ.

ಪರದೆಯಮ್ಮನಿಗೆ ಈಗ ಕತ್ತರಿ ಯಾವಾಗಲೂ ಕೈಗೆ ಸಿಗುವ ಹಾಗೆ ಮೇಜಿನ ತುದಿಯಲ್ಲೇ ತೂಗುತ್ತಿರುತ್ತದೆ. ಆದರೂ ದಿನಕ್ಕೊಮ್ಮೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅವಳು ಒಂದು ಶುದ್ಧ ಹತ್ತಿಯ ದಾರವನ್ನು ಎತ್ತಿ ತಲೆ ಎಡಕ್ಕೆ ವಾಲಿಸುತ್ತಾಳೆ, ಒಂದು ಕಣ್ಣು ಮುಚ್ಚುತ್ತಾಳೆ, ದಾರ ತುಟಿಯ ಹತ್ತಿರ ತಂದು ನಿಲ್ಲಿಸುತ್ತಾಳೆ. ಬೈಗುಳ ಬರುವವರೆಗೆ ಕಾಯುತ್ತಾಳೆ. ಅದು ಬರುತ್ತದೆ, ದಿನದಿಂದ ದಿನಕ್ಕೆ ಉದ್ದವಾಗಿ.